ಮೇವಾಗದ ಗಿಡ ಮದ್ದಾದ ಬಗೆ

‘ರಾತ್ರಿ ಎರಡೇ ಚಪಾತಿ ತಿಂದದ್ದು ಡಾಕ್ಟ್ರೇ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 160 ಹೇಗೆ ಬಂತು?’

ಸಕ್ಕರೆ ಕಾಯಿಲೆಯವರ ಈ ಪ್ರಶ್ನೆಗೆ ಉತ್ತರ ಲಿವರ್‌ನಲ್ಲಿದೆ. ನಾವು ಮಲಗಿದ್ದಾಗ ರಕ್ತಕ್ಕೆ ಗ್ಲೂಕೋಸ್ ಬಿಡುತ್ತಿರುವುದು ಅದೇ. ಸಾಕೆಂದು ಅದನ್ನು ತಡೆಯುವುದು ಇನ್ಸುಲಿನ್. ಟೈಪ್ 2 ಮಧುಮೇಹದಲ್ಲಿ ಲಿವರ್ ಆ ಮಾತಿಗೆ ಸರಿಯಾಗಿ ಕಿವಿಗೊಡುವುದಿಲ್ಲ. ಅದರ ಕೈ ಬಿಗಿ ಮಾಡಿಸುವ ಮಾತ್ರೆಯೇ ಮೆಟ್‌ಫಾರ್ಮಿನ್.

ಇದರ ಬೇರು ಯುರೋಪಿನ ಗಲೀಗಾ ಎಂಬ ಗಿಡದಲ್ಲಿದೆ. ಅಲ್ಲಿನ ಹಳೆಯ ನಾಟಿ ಮದ್ದು ಅದು. 1891ರಲ್ಲಿ ಅಮೆರಿಕದ ಯೂಟಾದಲ್ಲಿ ಮೇವಿಗೆಂದು ತಂದು ಬೆಳೆದರು, ಕುರಿಗಳಿಗೆ ವಿಷವಾಯಿತು. ಗಿಡದಲ್ಲಿದ್ದ ಗ್ವಾನಿಡೀನ್ ಜಾತಿಯ ರಾಸಾಯನಿಕ ಸಕ್ಕರೆ ಇಳಿಸುತ್ತದೆಂದು ಮುಂದೆ ತಿಳಿಯಿತು. ಅದೇ ಬಳಗದ, ಆದರೆ ಸೌಮ್ಯವಾದ ಮೆಟ್‌ಫಾರ್ಮಿನ್ 1922ರಲ್ಲಿ ಡಬ್ಲಿನ್‌ನಲ್ಲಿ ತಯಾರಾಯಿತು. ಆಗಷ್ಟೇ ಇನ್ಸುಲಿನ್ ಬಂದಿತ್ತು. ಇದರತ್ತ ಯಾರೂ ನೋಡಲಿಲ್ಲ.

ಮೂವತ್ತೈದು ವರ್ಷಗಳ ಬಳಿಕ, 1957ರಲ್ಲಿ, ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ‘ಗ್ಲೂಕೋಸ್ ತಿನ್ನುವುದು’ ಎಂಬರ್ಥದಲ್ಲಿ ಗ್ಲೂಕೋಫಾಜ್ ಎಂದು ಹೆಸರಿಟ್ಟರು. ಆದರೆ ದಾಯಾದಿ ಔಷಧ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಿ ಜೀವ ತೆಗೆದಾಗ ಇದಕ್ಕೂ ಕಳಂಕ ಅಂಟಿತು. ಅಮೆರಿಕ ಒಪ್ಪಿದ್ದು 1994ರ ಕೊನೆಗೆ. 1998ರಲ್ಲಿ ಬ್ರಿಟನ್ನಿನ ದೀರ್ಘ ಅಧ್ಯಯನವೊಂದು ಪ್ರಕಟವಾಯಿತು. ತೂಕ ಹೆಚ್ಚಿದ್ದ ಮಧುಮೇಹಿಗಳಲ್ಲಿ ಈ ಮಾತ್ರೆ ಹೃದಯಾಘಾತವನ್ನು ಶೇ 39ರಷ್ಟು ತಗ್ಗಿಸಿತ್ತು. ಅಲ್ಲಿಗೆ ಅನುಮಾನ ಕರಗಿತು.

ಗ್ಲಿಮಿಪಿರೈಡ್‌ನಂಥ ಮಾತ್ರೆಗಳ ದಾರಿ ಬೇರೆ. ಅವು ಮೇದೋಜ್ಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡಿಸುತ್ತವೆ. ಅವನ್ನು ನುಂಗಿ ಊಟ ಬಿಟ್ಟರೆ ಕೈ ನಡುಗಿ, ಬೆವರಿ, ಕಣ್ಣು ಕತ್ತಲಿಟ್ಟೀತು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ಅಪರೂಪ. ಎಷ್ಟೋ ಮಾತ್ರೆಗಳಲ್ಲಿ ಎರಡೂ ಬೆರೆತಿರುತ್ತವೆ. ಆದ್ದರಿಂದ ನಿಮ್ಮದು ಯಾವುದೆಂದು ವೈದ್ಯರನ್ನು ಕೇಳಿ ತಿಳಿದಿರಬೇಕು.

ಮೆಟ್‌ಫಾರ್ಮಿನ್ ಊಟ, ತಿಂಡಿಯ ಜೊತೆಗೇ ಆಗಬೇಕು. ಮೊದಮೊದಲು ಹೊಟ್ಟೆ ತೊಳಸಬಹುದು, ಭೇದಿಯಾಗಬಹುದು. ಅದಕ್ಕೇ ವೈದ್ಯರು 500 ಮಿಲಿಗ್ರಾಂನಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕುಸಿಯಬಹುದು. ಕಿಡ್ನಿ ತೀರಾ ಸೋತವರಿಗೆ ಇದು ಸಲ್ಲದು. ಆಗಾಗ ರಕ್ತಪರೀಕ್ಷೆ ಬೇಕೆನ್ನುವುದು ಇದಕ್ಕೇ.

‘ಶುಗರ್ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ನಾರ್ಮಲ್ ಬಂದದ್ದರಲ್ಲಿ ಮಾತ್ರೆಯ ಪಾಲೂ ಇದೆ. ಲಿವರ್ ಇವತ್ತು ರಾತ್ರಿಯೂ ಕೆಲಸ ಮಾಡುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ.