ಹಾಡಹಗಲಲ್ಲಿ ಬಂದ ರಕ್ತಪಿಶಾಚಿ

ವಿಲ್ಲಿ ಲೂಮಿಸ್‌ಗೆ ಒಡವೆಯ ಆಸೆ. ಕಾಲಿನ್ಸ್ ಮನೆತನದ ಸಮಾಧಿಯೊಳಗೆ ಒಂದು ಗುಪ್ತ ಕೋಣೆ, ಅಲ್ಲೊಂದು ಶವಪೆಟ್ಟಿಗೆ, ಅದರ ಸುತ್ತ ಬಿಗಿದ ಸರಪಳಿ. ಸರಪಳಿ ಬಿಡಿಸಿ ಮುಚ್ಚಳ ಎತ್ತುತ್ತಾನೆ. ಒಳಗಿಂದ ಕೈಯೊಂದು ಮೇಲೆದ್ದು ಅವನ ಕುತ್ತಿಗೆಗೆ ಬೀಳುತ್ತದೆ. 1967ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿ ಇದನ್ನು ತೋರಿಸಿದ್ದು ನಡುರಾತ್ರಿಯಲ್ಲಲ್ಲ, ಗೃಹಿಣಿಯರು ಧಾರಾವಾಹಿ ನೋಡುವ ಮಧ್ಯಾಹ್ನದ ಹೊತ್ತಿನಲ್ಲಿ.

ಧಾರಾವಾಹಿಯ ಹೆಸರು 'ಡಾರ್ಕ್ ಶ್ಯಾಡೋಸ್'. ಡ್ಯಾನ್ ಕರ್ಟಿಸ್ ಇದನ್ನು 1966ರ ಜೂನ್ 27ರಂದು ಶುರುಮಾಡಿದಾಗ ಪಿಶಾಚಿಯ ಸುಳಿವೇ ಇರಲಿಲ್ಲ. ಅನಾಥ ಹುಡುಗಿಯೊಬ್ಬಳು ಮೇನ್ ಕರಾವಳಿಯ ಹಳೆಯ ಬಂಗಲೆಗೆ ಮಗುವಿಗೆ ಪಾಠ ಹೇಳಲು ಬರುವ ಕಥೆ ಅದು. ನೋಡುಗರು ಸಿಗಲಿಲ್ಲ. ಮೊದಲು ದೆವ್ವಗಳನ್ನು ತಂದರು, ಕೊನೆಗೆ ಬಾರ್ನಬಸ್ ಕಾಲಿನ್ಸ್ ಎಂಬ ರಕ್ತಪಿಶಾಚಿಯನ್ನು.

ಕೆಲವು ವಾರ ಹೆದರಿಸಿ ಸಾಯಬೇಕಿದ್ದ ಪಾತ್ರವದು. ಆದರೆ ಕೆನಡಾದ ರಂಗನಟ ಜೊನಾಥನ್ ಫ್ರಿಡ್ ಅದಕ್ಕೊಂದು ಅಳುಕು, ಒಂದು ಪಶ್ಚಾತ್ತಾಪ ತುಂಬಿದರು. ರಕ್ತ ಕುಡಿಯುವವನೇ ತನ್ನ ಹಸಿವಿಗೆ ನಾಚುತ್ತಾನೆ. ಕಳೆದುಕೊಂಡ ಪ್ರೇಯಸಿ ಜೋಸೆಟ್‌ಗಾಗಿ ಕೊರಗುತ್ತಾನೆ. ಅಭಿಮಾನಿಗಳ ಪತ್ರಗಳು ರಾಶಿ ಬಿದ್ದವು, ಅವನನ್ನು ಕೊಲ್ಲುವ ಯೋಚನೆಯನ್ನು ಕೈಬಿಟ್ಟರು. ಇಂದು ತೆರೆಯ ಮೇಲೆ ನಾವು ಕಾಣುವ ಮರುಕಪಡುವ ಪಿಶಾಚಿಗಳಿಗೆ ಅವನೇ ಹಿರಿಯಣ್ಣ ಎಂದು ನಾನು ನಂಬುತ್ತೇನೆ. ಅವನನ್ನು ಉಳಿಸಿದ್ದು ಬರಹಗಾರರಿಗಿಂತ ಹೆಚ್ಚಾಗಿ ನೋಡುಗರು.

ಆ ನೋಡುಗರಲ್ಲಿ ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಿಬರುತ್ತಿದ್ದ ಮಕ್ಕಳೇ ಬಹಳ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಟೇಪಿಗೆ ಹಿಡಿಯುವಾಗ ಮಧ್ಯೆ ನಿಲ್ಲಿಸಿ ತಿದ್ದುವುದು ದುಬಾರಿ. ಹಾಗಾಗಿ ಫ್ರಿಡ್ ಮಾತು ಮರೆತು ತಡವರಿಸಿದ್ದು, ಮೈಕಿನ ನೆರಳು ಗೋಡೆಯ ಮೇಲೆ ಬಿದ್ದದ್ದು, ಎಲ್ಲವೂ ಹಾಗೇ ಪ್ರಸಾರವಾಯಿತು. ಅಗ್ಗದ ಕೆಲಸವೆಂದು ಮೂಗು ಮುರಿಯುವವರುಂಟು. ನನಗೆ ಮಾತ್ರ ಆ ತಡವರಿಕೆಯಲ್ಲಿ ನಾಟಕದ ರಂಗದ ಉಸಿರು ಕೇಳಿಸುತ್ತದೆ. ಬಾರ್ನಬಸ್‌ನ ಅಳುಕಿಗೂ ಅದು ಒಪ್ಪುತ್ತದೆ.

ಮಕ್ಕಳು ಸಾಬೂನು ಕೊಳ್ಳುವವರಲ್ಲ. ಹಗಲಿನ ಜಾಹೀರಾತುದಾರರಿಗೆ ಬೇಕಿದ್ದದ್ದು ಅವರ ತಾಯಂದಿರು. ಜನಪ್ರಿಯತೆಯೂ ಇಳಿಯತೊಡಗಿ 1971ರ ಏಪ್ರಿಲ್ 2ಕ್ಕೆ ಧಾರಾವಾಹಿ ಮುಗಿಯಿತು. 2012ರಲ್ಲಿ ಟಿಮ್ ಬರ್ಟನ್ ಇದನ್ನು ಸಿನಿಮಾ ಮಾಡಿ ಅರ್ಧ ತಮಾಷೆಯಾಗಿಸಿದರು. ಮೂಲದ ಸಂಕಟ ಅದರಲ್ಲಿಲ್ಲ.

ಒಟ್ಟು 1225 ಕಂತುಗಳಲ್ಲಿ ಚಿತ್ರ ಕಳೆದುಹೋದದ್ದು ಒಂದೇ ಒಂದರದ್ದು. ನೋಡುವ ಮನಸ್ಸಿದ್ದವರು ಮೊದಲಿನಿಂದ ಹೊರಡಬೇಕಿಲ್ಲ, ವಿಲ್ಲಿ ಮುಚ್ಚಳ ಎತ್ತುವ 210ನೇ ಕಂತಿನಿಂದ ಆರಂಭಿಸಿ.