ಸ್ಪೇಸ್ ಕ್ಯಾಂಪ್‌ಗೆ ಹೋದರೆ ‘ನಾಸಾಗೆ ಆಯ್ಕೆ’ ಆದಂತೆಯೇ?

‘ನಮ್ಮೂರ ಹುಡುಗಿ ನಾಸಾಗೆ ಆಯ್ಕೆ, ಶೇರ್ ಮಾಡಿ’ ಎಂಬಂಥ ಫಾರ್ವರ್ಡ್ ನಿಮ್ಮ ಶಾಲೆಯ ಗ್ರೂಪಿಗೂ ಬಂದಿರಬಹುದು. ಫೋಟೊದಲ್ಲಿ ಮಕ್ಕಳು ನೀಲಿ ಗಗನಯಾತ್ರಿ ಉಡುಪು ತೊಟ್ಟಿದ್ದರೆ, ಅದು ಬಹುಶಃ ಅಮೆರಿಕದ ಹಂಟ್ಸ್‌ವಿಲ್‌ನ ‘ಸ್ಪೇಸ್ ಕ್ಯಾಂಪ್’.

ಅದು ಹುಟ್ಟಿದ ಕತೆ ಚೆನ್ನಾಗಿದೆ. ಚಂದ್ರಯಾನದ ಸ್ಯಾಟರ್ನ್-5 ರಾಕೆಟ್ಟಿನ ರೂವಾರಿ ವರ್ನರ್ ಫಾನ್ ಬ್ರಾನ್, ಅಲ್ಲಿನ ರಾಕೆಟ್ ಮ್ಯೂಸಿಯಂನಲ್ಲಿ ನೋಟ್ಸ್ ಬರೆದುಕೊಳ್ಳುತ್ತಿದ್ದ ಶಾಲಾಮಕ್ಕಳನ್ನು ನೋಡಿ, ಫುಟ್‌ಬಾಲಿಗೆ, ಬ್ಯಾಂಡಿಗೆ ಶಿಬಿರ ಇರುವಾಗ ವಿಜ್ಞಾನಕ್ಕೇಕಿಲ್ಲ ಎಂದರಂತೆ. ಅವರು 1977ರಲ್ಲಿ ತೀರಿಕೊಂಡರು. ಮ್ಯೂಸಿಯಂ ನಿರ್ದೇಶಕ ಎಡ್ವರ್ಡ್ ಬಕ್ಬೀ 1982ರಲ್ಲಿ ಶಿಬಿರ ಶುರುಮಾಡಿದರು. ಈಗಲೂ ನಡೆಸುವುದು ಆ ಮ್ಯೂಸಿಯಮ್ಮೇ, ನಾಸಾ ಅಲ್ಲ. ವಯಸ್ಸು ಹೊಂದಿದರೆ ಶುಲ್ಕ ಕಟ್ಟಿ ಯಾರ ಮಕ್ಕಳಾದರೂ ಹೋಗಬಹುದು.

ಹಾಗೆಂದು ಶಿಬಿರ ಕಳಪೆಯೇನಲ್ಲ. ಅಲ್ಲಿ ಕಲಿತ ಡಾಟಿ ಮೆಟ್‌ಕಾಫ್-ಲಿಂಡೆನ್‌ಬರ್ಗರ್ 2010ರಲ್ಲಿ ನಿಜಕ್ಕೂ ಬಾಹ್ಯಾಕಾಶಕ್ಕೆ ಹೋದರು. ಆದರೆ ನಡುವೆ ಭೂವಿಜ್ಞಾನ ಓದಿದ್ದರು, ಹೈಸ್ಕೂಲಿನಲ್ಲಿ ಪಾಠ ಮಾಡಿದ್ದರು, ಆಮೇಲೆ ನಾಸಾ ಆಯ್ಕೆಯಲ್ಲಿ ಗೆದ್ದಿದ್ದರು.

ಸಾಲ ಮಾಡಿ ಮಗಳನ್ನು ಕಳಿಸುವ ಯೋಚನೆಯಿದ್ದರೆ ಇಸ್ರೊದ ‘ಯುವಿಕಾ’ ಬಗ್ಗೆ ಮೊದಲು ತಿಳಿದುಕೊಳ್ಳಿ. 9ನೇ ತರಗತಿಯವರಿಗಾಗಿ 2019ರಲ್ಲಿ ಶುರುವಾದ ಈ ಶಿಬಿರ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲೂ ನಡೆಯುತ್ತದೆ. ಇಲ್ಲಿ ನಿಜವಾದ ಆಯ್ಕೆಯಿದೆ: 8ನೇ ತರಗತಿಯ ಅಂಕ, ಆನ್‌ಲೈನ್ ಕ್ವಿಜ್ ಎಲ್ಲ ಲೆಕ್ಕಕ್ಕೆ ಬರುತ್ತವೆ, ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕವೂ ಉಂಟು. ಆಯ್ಕೆಯಾದವರ ಊಟ, ವಸತಿ, ಪ್ರಯಾಣದ ಖರ್ಚು ಇಸ್ರೊದ್ದೇ. ಅರ್ಜಿ ಹಾಕಬೇಕಾದ್ದು ಇಸ್ರೊ ಜಾಲತಾಣದಲ್ಲಿ, ಶುಲ್ಕವಿಲ್ಲ. ‘ಯುವಿಕಾ ನೋಂದಣಿಗೆ ಇಷ್ಟು ಕಟ್ಟಿ’ ಎಂಬ ಲಿಂಕ್ ಬಂದರೆ ಒತ್ತಬೇಡಿ.