ಮೂರು ಗೋಡೆಗಳ ಪಾಠ: ಮಕ್ಕಳಿಗೆ ನಾನಾ ನಾಡಿನ ಕಲೆ ಕಲಿಸುವುದು ಹೇಗೆ?

ಮಗು ಗೋಡೆಯ ಮೇಲೆ ಗೀಚಿದರೆ ನಾವು ಗದರುತ್ತೇವೆ. ಆದರೆ ಗೋಡೆಯ ಮೇಲೆ ಬರೆಯುವುದನ್ನೇ ತಲೆಮಾರುಗಳಿಂದ ಕಲೆಯಾಗಿ ಉಳಿಸಿಕೊಂಡು ಬಂದ ಜನ ಎಷ್ಟೋ ನಾಡುಗಳಲ್ಲಿದ್ದಾರೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಬೇರೆ ಬೇರೆ ನಾಡಿನ ಕಲೆ ತೋರಿಸಬೇಕೆಂದಿದ್ದರೆ ಈ ಗೋಡೆಗಳಿಂದಲೇ ಶುರು ಮಾಡಿ.

'ಸಂಸ್ಕೃತಿ' ಎಂದರೆ ಐದು ವರ್ಷದ ಮಗುವಿಗೆ ತಿಳಿಯದು. ಮೂರು ಪ್ರಶ್ನೆಗಳು ಮಾತ್ರ ಚೆನ್ನಾಗಿ ತಿಳಿಯುತ್ತವೆ: ಇದನ್ನು ಬರೆದವರು ಯಾರು? ಯಾವುದರಿಂದ ಬರೆದರು? ಯಾವಾಗ ಬರೆಯುತ್ತಾರೆ? ಯಾವ ಚಿತ್ರ ತೋರಿಸಿದರೂ ಈ ಮೂರನ್ನು ಕೇಳಿ, ಮಗುವಿನೊಂದಿಗೆ ಕೂತು ಉತ್ತರ ಹುಡುಕಿ.

ಮೊದಲ ಗೋಡೆ ನಮ್ಮದೇ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಒಂದರ ಪಕ್ಕ ಒಂದು ನೇರ ಎಳೆ ಬರೆಯುತ್ತಾ ಹೋಗುವುದೇ ಇದರ ಜೀವಾಳ.

ಎರಡನೆಯದು ಮಹಾರಾಷ್ಟ್ರದ ಪಾಲ್ಘರ್ ಕಡೆಯ ವಾರ್ಲಿ ಆದಿವಾಸಿಗಳದು. ಇಲ್ಲಿಯೂ ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ. ತುದಿ ಜಜ್ಜಿದ ಬಿದಿರು ಕಡ್ಡಿಯೇ ಕುಂಚ. ಮದುವೆಗೆಂದು ಹೆಂಗಸರು ಬರೆಯುತ್ತಿದ್ದ ಈ ಚಿತ್ರಗಳನ್ನು ಜೀವ್ಯಾ ಸೋಮಾ ಮಶೆ ಕಾಗದ ಮತ್ತು ಬಟ್ಟೆಯ ಮೇಲೆ ತಂದು ಲೋಕಕ್ಕೆ ತೋರಿಸಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮೂರನೆಯದು ದಕ್ಷಿಣ ಆಫ್ರಿಕಾದ ಎಂಡೆಬೆಲೆ ಜನರ ಮನೆ. ಅಲ್ಲಿಯೂ ಬರೆಯುವವರು ಹೆಂಗಸರೇ. ಮೊದಲು ದಪ್ಪ ಕಪ್ಪು ಗೆರೆ, ಆಮೇಲೆ ಒಳಗೆ ಗಾಢ ಬಣ್ಣ. 1935ರಲ್ಲಿ ಹುಟ್ಟಿದ ಎಸ್ತರ್ ಮಹ್ಲಾಂಗು ಹತ್ತು ವರ್ಷದವರಿದ್ದಾಗ ತಾಯಿ ಮತ್ತು ಅಜ್ಜಿಯಿಂದ ಇದನ್ನು ಕಲಿತರು. ಸ್ಕೇಲ್ ಇಲ್ಲದೆ, ಕೋಳಿ ಗರಿಯಿಂದಲೇ ನೇರ ಗೆರೆ ಎಳೆಯುತ್ತಾರೆ. 1991ರಲ್ಲಿ ಬಿಎಂಡಬ್ಲ್ಯು ಕಾರಿಗೇ ಈ ಚಿತ್ತಾರ ಬರೆದರು. ಮಕ್ಕಳಿಗೆ ಆ ಕಾರಿನ ಫೋಟೋ ತಪ್ಪದೆ ತೋರಿಸಿ.

ಇನ್ನು ಕೈಯಲ್ಲಿ ಮಾಡಿಸುವುದು. ವಾರ್ಲಿಯಿಂದ ತೊಡಗುವುದು ಸುಲಭ. ಒಂದು ಹಿಡಿ ಅಕ್ಕಿಯನ್ನು ಎರಡು ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ಗಟ್ಟಿ ಹಾಲಿನ ಹದಕ್ಕೆ ನೀರು ಬೆರೆಸಿ, ತುಸು ಗೋಂದು ಸೇರಿಸಿ. ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ ಹಾಸಿ, ಕಡ್ಡಿ ಕೊಡಿ. ಗೆರೆ ಎಳೆದ ಕೂಡಲೇ ಏನೂ ಸರಿಯಾಗಿ ಕಾಣುವುದಿಲ್ಲ, ಮಗು ಮುಖ ಸಣ್ಣ ಮಾಡಬಹುದು. ಸ್ವಲ್ಪ ಹೊತ್ತು ಕಾಯಲು ಹೇಳಿ. ಹಿಟ್ಟು ಒಣಗುತ್ತಾ ಬಂದಂತೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಅಜ್ಜಿ ಹೊಸಲಿಗೆ ಬರೆಯುವ ಹಸಿ ರಂಗೋಲಿಯೂ ಹೀಗೆಯೇ ಎಂದು ಆಗ ನೆನಪಿಸಿ. ದೂರದ ಕಲೆ ಮನೆಯ ಹೊಸಲಿಗೆ ಬಂದು ಸೇರುವುದು ಹೀಗೆ.

ವಾರ್ಲಿ ಮನುಷ್ಯನ ಮೈ ಬರೆಯಲು ಎರಡು ತ್ರಿಕೋನ ಸಾಕು. ಮೇಲಿನದು ತಲೆಕೆಳಗು, ಎರಡರ ಚೂಪು ಸೊಂಟದಲ್ಲಿ ಕೂಡಬೇಕು. ಮೇಲಿನ ತ್ರಿಕೋನವನ್ನು ತುಸು ವಾಲಿಸಿದರೆ ಆಳು ಕುಣಿಯತೊಡಗುತ್ತಾನೆ. ತೀರ ಚಿಕ್ಕವರಿಗೆ ಸುತ್ತು ಸುತ್ತು ಗೆರೆ ಸಾಕು, ಅದೇ ವಾರ್ಲಿ ಚಿತ್ರಗಳಲ್ಲಿ ತಾರ್ಪಾ ಎಂಬ ವಾದ್ಯ ಊದುವವನ ಸುತ್ತಲಿನ ಕುಣಿತ. ಎಂಡೆಬೆಲೆಗೆ ಕಾಗದವನ್ನು ಅರ್ಧ ಮಡಚಿ ಬಿಡಿಸಿ, ಎಡಕ್ಕೆ ಬರೆದದ್ದನ್ನೇ ಬಲಕ್ಕೂ ಬರೆಸಿ. ಇದಕ್ಕೆ ಸಿಮ್ಮೆಟ್ರಿ, ಅಂದರೆ ಎರಡೂ ಬದಿ ಸಮನಾಗಿರುವುದು ಎನ್ನುತ್ತಾರೆ.

"ನನಗೇ ಚಿತ್ರ ಬರೆಯಲು ಬಾರದಲ್ಲ?" ಎನ್ನುತ್ತೀರಾ? ಬರಬೇಕಿಲ್ಲ. ಪಕ್ಕದಲ್ಲಿ ಕೂತು ನೀವೂ ಎಳೆ ಎಳೆಯಿರಿ. "ಗೆರೆ ಸೊಟ್ಟಗಾದರೆ?" ಆಗಲಿ, ತಿದ್ದಬೇಡಿ. "ಇನ್ನೊಬ್ಬರ ಕಲೆಯನ್ನು ನಕಲು ಮಾಡುವುದು ತಪ್ಪಲ್ಲವೇ?" ಒಳ್ಳೆಯ ಪ್ರಶ್ನೆ. ವಾರ್ಲಿಗಳು ಮದುವೆಗೆ ಬರೆಯುವ ಚೌಕಾಕಾರದ ಚಿತ್ರದ ನಡುವೆ ದೇವಿ ಇರುತ್ತಾಳೆ. ಅದು ಅವರ ಪೂಜೆಯ ಚಿತ್ರ, ಹಾಗೆಯೇ ಎತ್ತಿಕೊಳ್ಳುವುದು ಬೇಡ. ಆ ರೀತಿಯ ಗೆರೆಯಲ್ಲಿ ಮಗು ತನ್ನ ಬೀದಿ, ಶಾಲೆಯ ಬಸ್ಸು, ಮನೆಯ ಬೆಕ್ಕನ್ನು ಬರೆಯಲಿ. ಕಲಿಸಿದವರು ಯಾರೆಂದು ಕಾಗದದ ಮೂಲೆಯಲ್ಲಿ ಬರೆಸಿ.

ಖರ್ಚು ಹೆಚ್ಚಿಲ್ಲ. ಅಕ್ಕಿ, ಕಡ್ಡಿ ಮನೆಯಲ್ಲೇ ಇವೆ. ಕಂದು ಕಾಗದ, ಗೋಂದು, ಒಂದು ಚಿಕ್ಕ ಪೋಸ್ಟರ್ ಕಲರ್ ಸೆಟ್, ಅಂದರೆ ನೀರಿನಲ್ಲಿ ಕದಡುವ ಗಾಢ ಬಣ್ಣ, ಇವು ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತವೆ. ಹಸೆ ಚಿತ್ತಾರಕ್ಕೆ ಕೆಮ್ಮಣ್ಣು ಬೇಕೆಂದರೆ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ.

ಕಣ್ಣಾರೆ ತೋರಿಸಬೇಕೆಂದರೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷದ ಆರಂಭದಲ್ಲಿ ನಡೆಸುವ ಚಿತ್ರಸಂತೆಗೆ ಕರೆದೊಯ್ಯಿರಿ. ಬರೆದವರೇ ಎದುರು ಕೂತಿರುತ್ತಾರೆ, ಮೂರು ಪ್ರಶ್ನೆಗಳನ್ನು ಮಗುವೇ ಕೇಳಲಿ. ಜನಪದರ ಬದುಕಿನ ವಸ್ತುಗಳನ್ನು ನೋಡಲು ರಾಮನಗರದ ಬಳಿ ಜಾನಪದ ಲೋಕವಿದೆ. ದೂರದ ನಾಡಿನ ಕಲೆಗೆ ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್ ಆ್ಯಪ್ ಉಚಿತ.

ಹತ್ತು ದೇಶಗಳ ಹೆಸರು ಬಾಯಿಪಾಠ ಮಾಡಿಸುವ ಅವಸರ ಬೇಡ. ತಿಂಗಳಿಗೆ ಒಂದು ಗೋಡೆ ಸಾಕು. ಈ ಭಾನುವಾರ ಬೆಳಿಗ್ಗೆ ಒಂದು ಹಿಡಿ ಅಕ್ಕಿ ನೆನೆಹಾಕಿ.